ಚೌಕಳಿ ಕರ್ಟನ್ನಿನ ಎದುರು

ಮಾರ್ಚ್ 3, ಸೋಮವಾರ

ಇಪ್ಪತ್ತೆರಡು ವರ್ಷದಿಂದ ಜನರ ತಲೆಗೆ ತಂತಿ ಅಂಟಿಸುತ್ತಿದ್ದೇನೆ. ಇವತ್ತು ನನ್ನನ್ನು ಎದುರಿಗೆ ಕೂರಿಸಿಕೊಂಡು ಮೂರು ಗುಂಡಿ ಒತ್ತುವುದು ಹೇಗೆ ಎಂದು ಕಲಿಸಿದರು.

ಕಲಿಸಿದವರು ಹೊಸ ಡಾಕ್ಟರು. ಬಂದು ಇನ್ನೂ ಆರು ವಾರವಾಗಿಲ್ಲ. ಮೆದುಳಿನ ವಿದ್ಯುತ್ತಿನ ಗೆರೆಗಳನ್ನು ಓದಿ ವರದಿ ಬರೆಯುವುದು ಅವರ ಕೆಲಸ, ಆ ಗೆರೆಗಳನ್ನು ತೆಗೆದುಕೊಡುವುದು ನನ್ನ ಕೆಲಸ. ರೋಗಿ ಕೆಮ್ಮಿದರೂ ಗೆರೆ ಕುಣಿಯುತ್ತದೆ, ಹಲ್ಲು ಕಡಿದರೂ ಕುಣಿಯುತ್ತದೆ, ಕಣ್ಣು ಮಿಟುಕಿಸಿದರಂತೂ ಹಣೆಯ ಕಡೆಯ ಗೆರೆಗಳು ಎಗರಿ ಬೀಳುತ್ತವೆ. ಅದಕ್ಕೇ ನಾನು ಪಕ್ಕದಲ್ಲಿ ಕೂತು, ಆ ಹೊತ್ತಿಗೆ ರೋಗಿ ಏನು ಮಾಡುತ್ತಿದ್ದರು ಎಂದು ರೆಕಾರ್ಡಿಂಗಿನ ಮೇಲೆಯೇ ಟಿಪ್ಪಣಿ ಹಾಕುತ್ತಾ ಬಂದವಳು. ಇಲ್ಲದಿದ್ದರೆ ಯಾವುದು ಕಾಯಿಲೆ, ಯಾವುದು ಕೆಮ್ಮು ಎಂದು ಆಮೇಲೆ ಓದುವವರಿಗೆ ಹೇಗೆ ಗೊತ್ತಾಗಬೇಕು? ರೋಗಿಯ ಕಡೆ ತಿರುಗಿಸಿಟ್ಟ ಕ್ಯಾಮೆರಾ ಕೆಟ್ಟು ಎಂಟು ತಿಂಗಳಾಯಿತು.

ಡಾಕ್ಟರು ಹೋದ ವಾರದ ನನ್ನ ಟಿಪ್ಪಣಿಯೊಂದನ್ನು ಇಬ್ಬರು ನರ್ಸುಗಳ ಮುಂದೆ ಗಟ್ಟಿಯಾಗಿ ಓದಿದರು: "ಇದು ಫಿಟ್ಸ್ ಅಲ್ಲ. ಹಲ್ಲು ಕಡಿದರು. ಹೆಂಡತಿಯ ಮೇಲೆ ಕೋಪ." ನರ್ಸುಗಳು ಮುಸಿಮುಸಿ ನಕ್ಕರು.

"ಸಿಸ್ಟರ್, ನಿಮ್ಮ ಅಭಿಪ್ರಾಯ ಇಲ್ಲಿ ಬೇಡ. ಕಂಪ್ಯೂಟರಲ್ಲಿ ಮೂರು ಗುಂಡಿ ಇದೆ ನೋಡಿ. ಕಣ್ಣು ತೆರೆದರು, ಕಣ್ಣು ಮುಚ್ಚಿದರು, ಲೈಟ್ ಹಾಕಿದೆ. ಅಷ್ಟು ಒತ್ತಿದ್ರೆ ಸಾಕು."

ನಾನು ಸಿಸ್ಟರ್ ಅಲ್ಲ, ಟೆಕ್ನಿಷಿಯನ್. ಅದನ್ನೂ ಹೇಳಲಿಲ್ಲ. "ಆಯ್ತು ಸಾರ್" ಅಂದೆ. ಆತ ಹಲ್ಲು ಕಡಿದದ್ದು ನಿಜ, ಹೆಂಡತಿ ಹೊರಗೆ ಕೂತು ಇಡೀ ವಾರ್ಡಿಗೆ ಕೇಳುವ ಹಾಗೆ ಬೈಯುತ್ತಿದ್ದದ್ದೂ ನಿಜ.

ಮನೆಗೆ ಬಂದು ಬೈಯೋಣವೆಂದರೆ ನಮ್ಮವರು ಹಡಗಿನ ಎಂಜಿನ್ ನೋಡಿಕೊಂಡು ಸಮುದ್ರದ ಮೇಲಿದ್ದಾರೆ. ಅತ್ತೆಯನ್ನು ಬೈದರೆ ಅವರು ತಿರುಗಿ ಬೈಯುತ್ತಾರೆ. ಆದ್ದರಿಂದ ಅವರ ಪೆಟ್ಟಿಗೆಯಿಂದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಡ್ಯೂಟಿ ಪುಸ್ತಕ ಎತ್ತಿಕೊಂಡೆ. ಅರ್ಧಕ್ಕಿಂತ ಹೆಚ್ಚು ಖಾಲಿ ಇದೆ. ಅಲ್ಲಿ ಬರೆಯಬಾರದ್ದನ್ನೆಲ್ಲ ಇನ್ನು ಇಲ್ಲಿ ಬರೆಯುತ್ತೇನೆ. ಆ ಮೂರು ಗುಂಡಿ ಮಹಾಶಯನಿಗೆ ಮೂರೇ ಗುಂಡಿ ಸಿಗಲಿ.

ಮಾರ್ಚ್ 5, ಬುಧವಾರ

ನಮ್ಮ ಕೋಣೆಯ ತಿಳಿ ಹಸಿರು ಕರ್ಟನ್ ಒಗೆಯಲು ಹೋದದ್ದು ವಾಪಸ್ ಬರಲಿಲ್ಲ. ಅದರ ಬದಲು ಕಪ್ಪು ಬಿಳುಪಿನ ಸಣ್ಣ ಚೌಕಳಿಯದ್ದನ್ನು ತಂದು ತೂಗುಹಾಕಿದ್ದಾರೆ. ಸರಿಯಾಗಿ ಮಂಚದ ಎದುರಿಗೇ, ಗೋಡೆಯಿಂದ ಗೋಡೆಗೆ. ಐದು ನಿಮಿಷ ನೋಡಿದರೆ ಚೌಕಗಳು ತಾವೇ ಹರಿದಾಡುತ್ತವೆ, ನನಗೆ ತಲೆ ಚಿಟ್ಟು ಹಿಡಿಯಿತು. ಕಣ್ಣಿಗೂ ಮೆದುಳಿಗೂ ಇರುವ ನಂಟನ್ನೇ ಅಳೆಯುವ ಕೋಣೆಗೆ ಇಂಥದ್ದನ್ನು ಆರಿಸಿದವರ ಬುದ್ಧಿಯನ್ನು ಎಷ್ಟು ಹೊಗಳಿದರೂ ಸಾಲದು.

ಆಫೀಸಿಗೆ ಹೋದೆ. ಗುಮಾಸ್ತರು ತಲೆ ಎತ್ತಲಿಲ್ಲ.

"ಅರ್ಜಿ ಕೊಡಿ ಮೇಡಂ. ಮೂರು ಪ್ರತಿ."

"ಒಂದು ಕರ್ಟನ್ನಿಗಾ?"

"ಹೊಸದು ಅಲ್ವಾ ಮೇಡಂ, ಹರಿದಿದ್ರೆ ಒಂದೇ ಪ್ರತಿ ಸಾಕಿತ್ತು."

ಕೊಟ್ಟು ಬಂದೆ.

ಮಾರ್ಚ್ 6, ಗುರುವಾರ

ಅಲ್ಲಿ ಬರೆಯದ ಟಿಪ್ಪಣಿಗಳು:

ಬೆಳಗಿನ ಮೊದಲ ರೋಗಿ, ಅಜ್ಜಿ: ಗೊರಕೆ. ಕಾಯಿಲೆ ಅಲ್ಲ.

ಎರಡನೆಯವಳು, ಕಾಲೇಜು ಹುಡುಗಿ: ಕಣ್ಣು ಮುಚ್ಚಿ ಎಂದರೆ ರೆಪ್ಪೆ ಪಟಪಟ. ಅಳು ತಡೆಯುತ್ತಿದ್ದಳು.

ಮಧ್ಯಾಹ್ನ ಬಂದ ಬಡಗಿ: ಕಣ್ಣು ತೆರೆದಾಗಲೆಲ್ಲ ಚೌಕಳಿಯನ್ನೇ ನೋಡುತ್ತಿದ್ದರು. "ಹೊಲಿಗೆ ಸೊಟ್ಟ ಇದೆ ಮೇಡಂ" ಎಂದರು. ತಲೆಯ ಹಿಂಭಾಗದ ಗೆರೆಗಳಲ್ಲಿ ಸಣ್ಣ ಮೊನೆಗಳು ಬಂದವು. ಸಹಜ.

ಎಲ್ಲದಕ್ಕೂ ಗುಂಡಿ ಒತ್ತಿದೆ. ಮೂರು ಗುಂಡಿ ಬಂದ, ನೋಡಿದ, "ಗುಡ್, ಸಿಸ್ಟರ್" ಅಂದ. ಮೈ ಉರಿದುಹೋಯಿತು.

ಮಾರ್ಚ್ 11, ಮಂಗಳವಾರ

ಇವತ್ತು ನಮ್ಮ ಬಸ್ಸಿನ ಡ್ರೈವರೇ ರೋಗಿಯಾಗಿ ಬಂದಿದ್ದ.

ಒಂಬತ್ತು ವರ್ಷದಿಂದ ನಾನು ಆತನ ಬಸ್ಸಿನಲ್ಲೇ ಕೆಲಸಕ್ಕೆ ಬರುವುದು. ತುಂಬಿದ ಲೋಟ ಕೈಯಲ್ಲಿ ಹಿಡಿದು ನಿಂತರೂ ತುಳುಕದ ಹಾಗೆ ಬ್ರೇಕ್ ಹಾಕುವ ಮನುಷ್ಯ. ಹೋದ ವಾರ ಡಿಪೋದಲ್ಲಿ ರಕ್ತ ಪರೀಕ್ಷೆಯ ಸಾಲಿನಲ್ಲಿ ಖಾಲಿ ಹೊಟ್ಟೆಯಲ್ಲಿ ನಿಂತು, ಸೂಜಿ ನೋಡಿ, ಧೊಪ್ಪನೆ ಬಿದ್ದನಂತೆ. ಚಾಲಕ ಎಂದ ಮೇಲೆ ತಲೆಯ ಪರೀಕ್ಷೆ ಆಗಲೇಬೇಕು ಎಂದು ಡಿಪೋದವರು ಕಳಿಸಿದ್ದಾರೆ.

"ಅಮ್ಮಾ, ನೀವಾ! ಇದ್ರಲ್ಲಿ ನನ್ನ ಮನಸ್ಸಲ್ಲಿರೋದೆಲ್ಲ ಕಾಣುತ್ತಾ?"

"ಕಾಣಲ್ಲ. ತಲೆ ಅಲ್ಲಾಡಿಸಬೇಡಿ, ಪೇಸ್ಟ್ ಒಣಗಿಲ್ಲ."

ಕಣ್ಣು ಮುಚ್ಚಿಸಿದೆ. ತಲೆಯ ಹಿಂದಿನ ಗೆರೆಗಳಲ್ಲಿ ಸೆಕೆಂಡಿಗೆ ಹತ್ತರಂತೆ ಒಂದೇ ಸಮನೆ ಅಲೆ ಎದ್ದಿತು. ಕಣ್ಣು ತೆರೆಸಿದೆ, ಅಲೆ ಮಾಯ. ಇಷ್ಟು ವರ್ಷವಾದರೂ ಆ ಕ್ಷಣ ನೋಡಲು ನನಗೆ ಇಷ್ಟ.

ಆಮೇಲೆ ಶುರುವಾಯಿತು. ಡ್ರೈವರನ ಕಣ್ಣಲ್ಲವೇ, ಈ ಕನ್ನಡಿಯಿಂದ ಆ ಕನ್ನಡಿಗೆ ಓಡಾಡಿ ಅಭ್ಯಾಸ, ಒಂದು ಕಡೆ ನಿಲ್ಲುವುದಿಲ್ಲ. ಎರಡು ನಿಮಿಷ ಕರ್ಟನ್ನಿನ ಮೇಲೆ ಓಡಾಡಿತು. ಕಣ್ಣು ಒಂದು ಚೌಕದಿಂದ ಇನ್ನೊಂದಕ್ಕೆ ಜಿಗಿದಾಗಲೆಲ್ಲ ತಲೆಯ ಹಿಂಭಾಗದ ಗೆರೆಯಲ್ಲಿ ಒಂದು ಚೂಪು ಮೊನೆ. ಬಡಗಿಯದಕ್ಕಿಂತ ಎರಡರಷ್ಟು ಎತ್ತರ. ಫಿಟ್ಸ್ ಕಾಯಿಲೆಯ ಕಿಡಿಯೂ ಹೆಚ್ಚು ಕಡಿಮೆ ಹೀಗೇ ಕಾಣುತ್ತದೆ. ಆದರೆ ಇದು ಅದಲ್ಲ. ಚಿತ್ತಾರವಿರುವ ಏನನ್ನಾದರೂ ಕಣ್ಣು ಹುಡುಕಿ ಹುಡುಕಿ ನೋಡಿದರೆ ಗಟ್ಟಿಮುಟ್ಟಾದವರ ಮೆದುಳಿನಲ್ಲೂ ಇದು ಬರುತ್ತದೆ. ಖಾಲಿ ಬಿಳಿ ಹಾಳೆಯೊಂದನ್ನು ಕಣ್ಣೆದುರು ಹಿಡಿದರೆ ಮೊನೆಗಳು ನಿಂತುಹೋಗುತ್ತವೆ. ಪರೀಕ್ಷೆ ಅಷ್ಟೇ. ಹಾಳೆ ನನ್ನ ಡ್ರಾಯರಿನಲ್ಲೇ ಇದೆ.

ತೆಗೆಯಲಿಲ್ಲ. ಗೊತ್ತಿದ್ದೂ ಬರೆಯಲಿಲ್ಲ. ಗುಂಡಿ ಒತ್ತಿದೆ. ಅಷ್ಟು ಓದಿ ಬಂದವರಿಗೆ ಇದು ಗೊತ್ತಿರಬೇಕಲ್ಲ? ಗೊತ್ತಿಲ್ಲದಿದ್ದರೆ ಬಂದು ಕೇಳಲಿ.

ಏಳುವಾಗ ಡ್ರೈವರ್ ಹೇಳಿದ, "ಅಡ್ಡಕ್ಕೆ ನಲವತ್ತೆರಡು ಇದೆ ಅಮ್ಮಾ. ಉದ್ದಕ್ಕೆ ಎಣಿಸೋಷ್ಟರಲ್ಲಿ ಕಣ್ಣು ಮುಚ್ಚಿ ಅಂದ್ಬಿಟ್ರಿ."

ಮಾರ್ಚ್ 14, ಶುಕ್ರವಾರ

ಬಸ್ಸಿಗೆ ಬೇರೆ ಡ್ರೈವರ್. ಬ್ರೇಕ್ ಹಾಕುವುದು ಹೇಗೆಂದು ಇವನಿಗೂ ಯಾರಾದರೂ ಗುಂಡಿ ತೋರಿಸಿ ಕಲಿಸಬೇಕು. ಚೀಲದಲ್ಲಿದ್ದ ಟೊಮೆಟೊ ಹಿಂದಿನ ಬಾಗಿಲವರೆಗೆ ಉರುಳಿದವು. ಆರಿಸಿಕೊಂಡದ್ದು ಐದು, ತುಳಿಸಿಕೊಂಡದ್ದು ನಾಲ್ಕು.

ಮಾರ್ಚ್ 19, ಬುಧವಾರ

ಕರ್ಟನ್ನಿನ ಬಗ್ಗೆ ಮೂರನೆಯ ಅರ್ಜಿ. ಮೊದಲ ಎರಡರಲ್ಲಿ ಕೋಣೆಯ ನಂಬರ್ ಕೆಂಪು ಶಾಯಿಯಲ್ಲಿ ಇರಲಿಲ್ಲವಂತೆ.

ಬಸ್ಸಿನಲ್ಲಿ ಇವತ್ತೂ ಅದೇ ಪುಣ್ಯಾತ್ಮ. ನನ್ನ ಸೊಂಟ ಹಿಡಿದುಕೊಂಡಿದೆ. ಕಂಡಕ್ಟರನ್ನು ಕೇಳಿದೆ, ನಮ್ಮ ಹಳೆಯ ಡ್ರೈವರ್ ಎಲ್ಲಿ ಎಂದು. "ರಜಾ ಇರಬೇಕು ಅಮ್ಮಾ" ಎಂದ. ಚೆನ್ನಾಗಿದೆ. ಆತ ಕಾಲು ಚಾಚಿ ಮಲಗಿರಲಿ, ಇಲ್ಲಿ ನಾವು ಕಂಬ ತಬ್ಬಿಕೊಂಡು ಸಾಯೋಣ.

ಮಾರ್ಚ್ 20, ಗುರುವಾರ

ಮೂರು ಗುಂಡಿ ನನ್ನ ಕೋಣೆಗೆ ಬಂದು "ಈ ತಿಂಗಳು ಯಾಕೋ ಪಾಸಿಟಿವ್ ಜಾಸ್ತಿ ಬರ್ತಿದೆ, ಅಲ್ವಾ ಸಿಸ್ಟರ್?" ಅಂದ. ನಾನು ಪೇಸ್ಟಿನ ಡಬ್ಬಿ ತೊಳೆಯುತ್ತಿದ್ದೆ. ಅಭಿಪ್ರಾಯ ಬೇಡ ಅಂದವರು ಯಾರು? ತೊಳೆಯುತ್ತಲೇ ಇದ್ದೆ.

ಮಾರ್ಚ್ 26, ಬುಧವಾರ

ಕೋಪಕ್ಕೆ ಪೆನ್ನು ಒತ್ತಿ ಪುಟ ತೂತಾಗುತ್ತಿದೆ.

ಆ ಬ್ರೇಕ್ ವೀರ ಕೊನೆಗೂ ಬಸ್ಸನ್ನು ಕೆಡಿಸಿ ಡಿಪೋ ಗೇಟಿನಲ್ಲೇ ನಿಲ್ಲಿಸಿದ. ಎಲ್ಲರನ್ನೂ ಇಳಿಸಿದರು. ಒಳಗೆ ನೋಡಿದರೆ ನಮ್ಮ ಡ್ರೈವರ್ ರಬ್ಬರಿನ ಬೂಟು ಹಾಕಿಕೊಂಡು, ಪೈಪ್ ಹಿಡಿದು ಬಸ್ಸು ತೊಳೆಯುತ್ತಿದ್ದಾನೆ! "ಇದೇನಾ ನಿಮ್ಮ ರಜಾ?" ಎಂದು ನಗುತ್ತಲೇ ಕೇಳಿದೆ.

"ರಜಾ ಎಲ್ಲಿ ಅಮ್ಮಾ. ನಿಮ್ಮ ಡಾಕ್ಟ್ರು ಬರೆದುಕೊಟ್ರಲ್ಲ, ತಲೆ ಹಿಂದೆ ಏನೋ ಕಿಡಿ ಇದೆ ಅಂತ. ಗಾಡಿ ಮುಟ್ಟೋ ಹಾಗಿಲ್ಲ. ಮಾತ್ರೆ ನುಂಗ್ತಿದೀನಿ, ಹಗಲೆಲ್ಲ ಜೋಂಪು."

ನೀರು ನನ್ನ ಚಪ್ಪಲಿಯ ಮೇಲೆ ಹರಿಯುತ್ತಿತ್ತು. ಪಕ್ಕಕ್ಕೆ ಸರಿಯಲೂ ತೋಚಲಿಲ್ಲ.

"ನಾಲ್ಕನೇ ತಾರೀಖು ಕಮಿಟಿ ಕೂರುತ್ತೆ. ಅವರೂ ಆಗಲ್ಲ ಅಂದ್ರೆ ಸ್ಟೀರಿಂಗ್ ಇನ್ನು ಜನ್ಮದಲ್ಲಿ ಇಲ್ಲ. ನಂಗೆ ಬೇರೇನೂ ಬರಲ್ಲ ಅಮ್ಮಾ. ನನ್ನ ಮಗಳಿಗೆ ಹೇಳೇ ಇಲ್ಲ, ಯೂನಿಫಾರ್ಮ್ ಹಾಕ್ಕೊಂಡೇ ಮನೆಯಿಂದ ಬರ್ತೀನಿ." ಪೈಪ್ ಬಗ್ಗಿಸಿ ನೀರು ನಿಲ್ಲಿಸಿದ. "ನೀವು ಪಕ್ಕದಲ್ಲೇ ಕೂತಿದ್ರಲ್ಲ. ಇತ್ತಾ ಅಮ್ಮಾ, ಆ ಕಿಡಿ?"

"ಅದನ್ನ ಡಾಕ್ಟ್ರೇ ಹೇಳ್ಬೇಕು" ಅಂದೆ.

ಎಂಥ ಡಾಕ್ಟರ್ ಇವನು! ಕಣ್ಣು ತೆರೆದಾಗ ಮಾತ್ರ ಬಂದ ಮೊನೆ, ಮುಚ್ಚಿದಾಗ ಇಲ್ಲದ ಮೊನೆ. ಅಷ್ಟೂ ಹೊಳೆಯಲಿಲ್ಲವೇ? ಒಂದು ಸಲ ಆ ಕೋಣೆಗೆ ಬಂದು ರೋಗಿಯ ಎದುರು ಏನು ನೇತುಹಾಕಿದ್ದಾರೆ ಎಂದು ನೋಡಬಾರದಿತ್ತೇ? ಬಂದಿದ್ದಾನೆ, ಇಪ್ಪತ್ತು ಸಲ ಬಂದಿದ್ದಾನೆ. ಕರ್ಟನ್ ತಂದವರನ್ನು ಮೊದಲು ನಿಲ್ಲಿಸಿ ಕೇಳಬೇಕು. ಕ್ಯಾಮೆರಾ ರಿಪೇರಿ ಮಾಡಿಸದವರನ್ನು ಕೇಳಬೇಕು. ಸೂಜಿ ನೋಡಿ ಬಿದ್ದವನನ್ನು ತಲೆಯ ಪರೀಕ್ಷೆಗೆ ಕಳಿಸಿದ ಡಿಪೋದವರಿಗಂತೂ ಏನೆನ್ನಬೇಕೋ ಗೊತ್ತಿಲ್ಲ.

ಮಾರ್ಚ್ 27, ಗುರುವಾರ

ಅತ್ತೆಗೆ ಎಲ್ಲವನ್ನೂ ಹೇಳಿದೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು, ಮಧ್ಯೆ ಬಾಯಿ ಹಾಕದೆ ಕೇಳುವುದು ಅವರಿಗೆ ಗೊತ್ತು. ನಾನು ಡಾಕ್ಟರನ್ನೂ ಗುಮಾಸ್ತರನ್ನೂ ಡಿಪೋವನ್ನೂ ಬೈದು ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಅದು ಕಾಯಿಲೆ ಅಲ್ಲ ಅಂತ ನಿಂಗೆ ಯಾವತ್ತು ಗೊತ್ತಾಯ್ತು?"

"ಅವತ್ತೇ. ನೋಡಿದ ತಕ್ಷಣ."

"ಹೂಂ" ಅಂದರು. ಕನ್ನಡಕ ತೆಗೆದು ಒರೆಸಿಕೊಂಡರು.

ಏನು ಹೂಂ? ಬರೆಯಬೇಡ ಅಂದದ್ದು ಅವನು. ಮೇಲಿನವರು ಬೇಡ ಅಂದದ್ದನ್ನು ಮಾಡದಿದ್ದರೆ ಅದು ತಪ್ಪೇ? ಈ ಮನೆಯಲ್ಲಿ ನನ್ನ ಪರ ಮಾತಾಡುವವರು ಒಬ್ಬರೂ ಇಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಅದನ್ನೂ ಅವರು ಮಾತಿಲ್ಲದೆ ಉಂಡರು.

ಮಾರ್ಚ್ 28, ಶುಕ್ರವಾರ

ಹೇಳಿಬಿಡೋಣವೆಂದು ಹೋದರೆ ಡಾಕ್ಟರು ಇಲ್ಲ. ಯಾವುದೋ ಸಮ್ಮೇಳನ, ಮಂಗಳವಾರ ಬರುತ್ತಾರಂತೆ. ಬೇಡದಾಗ ದಿನಕ್ಕೆ ನಾಲ್ಕು ಸಲ ಬಾಗಿಲಲ್ಲಿ ಇಣುಕುವವರು.

ಏಪ್ರಿಲ್ 1, ಮಂಗಳವಾರ

ಹೇಳಿದೆ. ಡ್ರೈವರನ ರೆಕಾರ್ಡಿಂಗ್ ತೆಗೆಸಿ, ಮೊನೆ ತೋರಿಸಿ, ಕರ್ಟನ್ ಕಡೆ ಕೈ ಮಾಡಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಮುಖ ಸಣ್ಣದಾಯಿತು.

"ಆತ ಆಗ ಕರ್ಟನ್ ನೋಡ್ತಿದ್ರು ಅಂತ ಇಲ್ಲಿ ಎಲ್ಲಿದೆ ಸಿಸ್ಟರ್?"

"ಇಲ್ಲ. ನೀವೇ ಬೇಡ ಅಂದ್ರಲ್ಲ ಸಾರ್."

"ನಾನು ಅಭಿಪ್ರಾಯ ಬೇಡ ಅಂದೆ." ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಹಲ್ಲು ಕಡಿದರು ಅನ್ನೋದು ನಂಗೆ ಬೇಕಿತ್ತು. ಹೆಂಡತಿ ಬೇಡ ಇತ್ತು. ನಾನು ಸರಿಯಾಗಿ ಹೇಳಲಿಲ್ಲ ಅನ್ಸುತ್ತೆ."

ಆಮೇಲೆ ಹೇಳಿದರು, ಮೂರು ವಾರ ಕಳೆದ ಮೇಲೆ ಬರೀ ನೆನಪಿನ ಮಾತು ಕೇಳಿ ವರದಿ ಬದಲಿಸಲು ಆಗುವುದಿಲ್ಲ. ಮತ್ತೆ ಪರೀಕ್ಷೆ ಮಾಡಬೇಕೆಂದರೂ ಮೂರು ತಿಂಗಳ ಸಾಲಿದೆ. ಸಾಲು ಮುರಿದು ನಾಡಿದ್ದೇ ಮಾಡಬೇಕಾದರೆ ಮುಖ್ಯ ವೈದ್ಯರಿಗೆ ಲಿಖಿತ ಕಾರಣ ಕೊಡಬೇಕು. "ಅವತ್ತಿನ ದಿನವೇ ಬರೆದಿಟ್ಟಿದ್ದು ಏನಾದ್ರೂ ಇದ್ಯಾ? ಚೀಟಿ, ಡೈರಿ, ಏನಾದ್ರೂ?"

ಇದೆ. ಇದೇ ಇದೆ.

ಮನೆಗೆ ಬಂದು ಮೊದಲಿನಿಂದ ಓದಿದೆ. 'ಮೂರು ಗುಂಡಿ' ಎಂದು ಆತನನ್ನು ಎಷ್ಟು ಸಲ ಕರೆದಿದ್ದೇನೋ ಎಣಿಸಿ ಅರ್ಧಕ್ಕೆ ಬಿಟ್ಟೆ. ಹನ್ನೊಂದನೇ ತಾರೀಖಿನ ಪುಟವೊಂದನ್ನೇ ಕತ್ತರಿಸಿ ಕೊಟ್ಟರೆ ಹೇಗೆ ಎಂದು ಅತ್ತೆಯನ್ನು ಕೇಳಿದೆ.

"ಕತ್ತರಿಸಿದ ಪುಟಾನ ಯಾರು ನಂಬ್ತಾರೆ? ಕೊಡೋದಾದ್ರೆ ಪುಸ್ತಕ ಕೊಡು."

ನನ್ನ ಹೆದರಿಕೆ ಅದಲ್ಲ. ಮೂರು ಗುಂಡಿ ಅಂದದ್ದು ಓದಿದರೆ ಓದಲಿ, ಬೈದರೆ ಬೈಯಲಿ. ಕತ್ತರಿಸಿದರೂ ಆ ಒಂದು ಪುಟದಲ್ಲೇ ಇದೆ, ನನ್ನದೇ ಅಕ್ಷರದಲ್ಲಿ: ಗೊತ್ತಿದ್ದೂ ಬರೆಯಲಿಲ್ಲ. ಅದನ್ನು ಹೊಡೆದುಹಾಕಲು ಪೆನ್ನು ತೆಗೆದೆ. ಆಗಲಿಲ್ಲ. ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಟಿಪ್ಪಣಿಯನ್ನೂ ನಾನು ಆಮೇಲೆ ತಿದ್ದಿಲ್ಲ.

ಏಪ್ರಿಲ್ 2, ಬುಧವಾರ

ಇದು ಔಷಧಿ ಕಂಪನಿಯ ಹಳೆಯ ಕ್ಯಾಲೆಂಡರಿನ ಹಿಂಬದಿ. ಪುಸ್ತಕ ಡಾಕ್ಟರ ಬಳಿ ಇದೆ. ಕೊಟ್ಟು ತಿರುಗಿ ನೋಡದೆ ಬಂದೆ.

ಏಪ್ರಿಲ್ 3, ಗುರುವಾರ

ಬೆಳಿಗ್ಗೆ ಎಂಟಕ್ಕೆ, ಸಾಲು ಶುರುವಾಗುವ ಮೊದಲೇ ಕರೆಸಿದರು. ಡ್ರೈವರ್ ಯೂನಿಫಾರ್ಮ್ ಹಾಕಿಕೊಂಡೇ ಬಂದ. ತಂತಿ ಅಂಟಿಸಿದೆ. ಡಾಕ್ಟರು ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ನನ್ನ ಕೆಲಸದಲ್ಲಿ ಡಾಕ್ಟರೊಬ್ಬರು ಆ ಸ್ಟೂಲಿನ ಮೇಲೆ ಕೂತದ್ದು ಇದೇ ಮೊದಲು.

"ಕರ್ಟನ್ ನೋಡಿ. ಎಣಿಸಿ, ಉದ್ದಕ್ಕೆ" ಅಂದೆ.

ಮೊನೆಗಳು ಬಂದವು. ಮಾತ್ರೆ ನುಂಗಿದರೂ ಬಂದವು. ಡ್ರಾಯರಿನಿಂದ ಬಿಳಿ ಹಾಳೆ ತೆಗೆದು ಕಣ್ಣೆದುರು ಹಿಡಿದೆ. ಒಂದು ಸೆಕೆಂಡ್, ಎರಡು ಸೆಕೆಂಡ್. ತಲೆಯ ಹಿಂದಿನ ಗೆರೆಗಳು ಸಾದಾ ಆದವು. ಹಾಳೆ ತೆಗೆದೆ, ಮೊನೆ. ಹಿಡಿದೆ, ಇಲ್ಲ. ಆರು ಸಲ ಮಾಡಿದೆವು. ಕೊನೆಯ ಎರಡು ಸಲ ಹಾಳೆ ಹಿಡಿದದ್ದು ಡಾಕ್ಟರು.

"ಬರೀರಿ ಮೇಡಂ" ಅಂದರು.

ಬರೆದೆ. ಕಣ್ಣು ತೆರೆದಿದೆ, ಚೌಕಳಿ ನೋಡುತ್ತಿದ್ದಾರೆ, ತಲೆಯ ಹಿಂಭಾಗದಲ್ಲಿ ಮೊನೆ. ಬಿಳಿ ಹಾಳೆ, ಮೊನೆ ಇಲ್ಲ. ಅಭಿಪ್ರಾಯ ಒಂದೂ ಬರೆಯಲಿಲ್ಲ.

ಹೋದ ತಿಂಗಳು ಬಂದ ಇನ್ನೂ ಮೂವರನ್ನು ಮತ್ತೆ ಕರೆಸಬೇಕು, ಬಡಗಿಯೂ ಸೇರಿ. ಪುಸ್ತಕದಿಂದಲೇ ಪಟ್ಟಿ ಮಾಡಿಕೊಂಡಿದ್ದಾರೆ. ಎಲ್ಲರೂ ಹೋದ ಮೇಲೆ ನಾನು ಕುರ್ಚಿ ಹತ್ತಿ ಕರ್ಟನ್ನಿನ ಕೊಕ್ಕೆಗಳನ್ನು ಬಿಚ್ಚಿದೆ. ಎರಡು ನಿಮಿಷದ ಕೆಲಸ. ಐದು ಅರ್ಜಿ, ಹದಿನೈದು ಪ್ರತಿ ಬರೆದಿದ್ದೆ. ಈ ಕುರ್ಚಿ ಒಂದು ತಿಂಗಳಿಂದ ಅಲ್ಲೇ ಇತ್ತು.

ಪುಸ್ತಕ ವಾಪಸ್ ಬಂದಿದೆ. ಮಾರ್ಚ್ ಮೂರನೇ ತಾರೀಖಿನ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಡಾಕ್ಟರ ಪುಟ್ಟ ಅಕ್ಷರ: "ಓದುವವರು ಈ ಹೊತ್ತಿಗೆ ಹಲ್ಲು ಕಡಿದರು. ಇದು ಫಿಟ್ಸ್ ಅಲ್ಲ." ಹನ್ನೊಂದನೇ ತಾರೀಖಿನ ಪುಟದ ಅಂಚಿನಲ್ಲಿ ಏನೂ ಇಲ್ಲ.

ಏಪ್ರಿಲ್ 4, ಶುಕ್ರವಾರ

ಕಮಿಟಿ ಮುಗಿಯಿತು. ಸೋಮವಾರದಿಂದ ಬಸ್ಸು.

ಏಪ್ರಿಲ್ 7, ಸೋಮವಾರ

ನಮ್ಮ ಸ್ಟಾಪಿನಲ್ಲಿ ಬಸ್ಸು ನಿಂತದ್ದೇ ಗೊತ್ತಾಗಲಿಲ್ಲ, ಅಷ್ಟು ಮೆತ್ತಗೆ. ಜನ ಕಡಿಮೆ ಇದ್ದರು. ಡ್ರೈವರ್ ನನ್ನನ್ನು ತನ್ನ ಹಿಂದಿನ ಸೀಟಿಗೆ ಕರೆದು ಕೂರಿಸಿದ.

"ಅಮ್ಮಾ, ನಿಮ್ಮಿಂದ ಉಳಿದೆ. ಡಾಕ್ಟ್ರು ಹೇಳಿದ್ರು, ನೀವೇ ಪಟ್ಟು ಹಿಡಿದು ಮತ್ತೆ ಮಾಡಿಸಿದ್ರಂತೆ. ನನ್ನ ಮಗಳು ನಿಮ್ಮನ್ನ ನೋಡ್ಬೇಕು ಅಂತಿದಾಳೆ."

ಅಷ್ಟಕ್ಕೇ ಬಿಟ್ಟು ಕಿಟಕಿಯ ಕಡೆ ನೋಡಬಹುದಿತ್ತು. ಡಾಕ್ಟರು ಆತನಿಗೆ ಉಳಿದದ್ದನ್ನು ಹೇಳಿಲ್ಲ. ಹೇಳುವುದು ನನಗೆ ಬಿಟ್ಟದ್ದು ಎಂದುಕೊಂಡಿರಬೇಕು. ಎರಡು ಸ್ಟಾಪ್ ಕಳೆದವು. ಮೂರನೆಯದಕ್ಕೆ ಹೇಳಿದೆ.

"ಅದು ಕಾಯಿಲೆ ಅಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಡಾಕ್ಟ್ರ ಮೇಲಿನ ಸಿಟ್ಟಿಗೆ ಬರೀಲಿಲ್ಲ. ಡಿಪೋದಲ್ಲಿ ನೀವು ಕೇಳಿದಾಗಲೂ ಹೇಳ್ಲಿಲ್ಲ. ತಪ್ಪಾಯ್ತು."

ಆತ ಕನ್ನಡಿಯಲ್ಲಿ ನನ್ನನ್ನು ನೋಡಿದ. ಆಮೇಲೆ ಪಕ್ಕದ ಕನ್ನಡಿ, ಆಮೇಲೆ ರಸ್ತೆ. ಮತ್ತೆ ನನ್ನ ಕಡೆ ಕಣ್ಣು ತರಲಿಲ್ಲ.

ಆಸ್ಪತ್ರೆಯ ಸ್ಟಾಪ್ ಬಂತು. ನಾನು ಎದ್ದು ಕಂಬ ಹಿಡಿದು ನಿಂತೆ. ಬಸ್ಸು ನಿಲ್ಲಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಕಂಡಕ್ಟರ್ ಕೂಗಿದ, ಆದರೂ ನಿಲ್ಲಲಿಲ್ಲ. ಮುಂದಿನ ಸ್ಟಾಪಿನಲ್ಲಿ ನಿಂತಿತು, ಯಾವಾಗಿನಂತೆ ಮೆತ್ತಗೆ. ಇಳಿದೆ.

ಅಲ್ಲಿಂದ ಹಿಂದಕ್ಕೆ ಹದಿನೈದು ನಿಮಿಷದ ನಡಿಗೆ. ಸೊಂಟ ಇನ್ನೂ ನೋಯುತ್ತಿತ್ತು, ಬಿಸಿಲು ಬೇರೆ. ದಾರಿಯುದ್ದಕ್ಕೂ ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಒಬ್ಬೊಬ್ಬರನ್ನಾಗಿ ನೆನಪಿಸಿಕೊಂಡು ನೋಡಿದೆ. ಯಾರೂ ಸಿಗಲಿಲ್ಲ.